ಉಪ್ಪಿನ ಕಥೆಯನ್ನು ಇನ್ನೊಮ್ಮೆ ಬರೆಯಿರಿ

ಆತ್ಮೀಯರೆ,

ನಿಮ್ಮ ‘ವಿಧಿಯಾಟ’ ಕಥೆಯನ್ನು ಮೂರು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಬರಲಿಲ್ಲ. ನೀವು ಒಪ್ಪಿದ್ದರಿಂದ ಪತ್ರಿಕೆಯಲ್ಲೇ ಉತ್ತರ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ.

ಉಳಿದವರಿಗೆ ಕಥೆ ಏನೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ತವರುಮನೆ. ಹನ್ನೊಂದನೇ ದಿನ, ತೊಟ್ಟಿಲು ಹಾಕುವ ಗಡಿಬಿಡಿ. ಹೆಣ್ಣುಮಗು ಹಾಲು ಕುಡಿಯುತ್ತಿಲ್ಲ, ಕುಡಿದದ್ದನ್ನೂ ಕಾರುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ಮರುದಿನ ಮಗು ಸೋತು ಬೀಳುತ್ತದೆ, ಮಂಗಳೂರಿಗೆ ಓಡುತ್ತಾರೆ. ‘ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ’ ಎಂದು ಡಾಕ್ಟರ್ ಹೇಳುತ್ತಾರೆ, ಅಂದರೆ ಹುಟ್ಟಿನಿಂದಲೇ ಬರುವ ಅಡ್ರಿನಲ್ ಗ್ರಂಥಿಯ ಕಾಯಿಲೆ. ಗೇರುತೋಟದ ವಿಷವೇ ಕಾರಣ ಎಂದು ತಂದೆ ಕೂಗಾಡುತ್ತಾನೆ. ಐದನೇ ಹುಟ್ಟುಹಬ್ಬದ ದಿನ ತಾಯಿ ಮಾತ್ರೆಯ ಡಬ್ಬಿಯನ್ನು ತೋಡಿಗೆ ಎಸೆಯುತ್ತಾಳೆ. ಮಗು ಪೂರ್ತಿ ಗುಣವಾಗಿದೆ.

ಮೊದಲು ಆ ಡಬ್ಬಿಯ ವಿಷಯ. ದಯವಿಟ್ಟು ಅದನ್ನು ತೋಡಿನಿಂದ ಹೊರಗೆ ತೆಗೆಯಿರಿ. ನೀವು ಬರೆದ ತೀವ್ರ ಬಗೆಯಲ್ಲಿ ಮಾತ್ರೆ ಜೀವನಪೂರ್ತಿ ಬೇಕು. ತಟ್ಟನೆ ನಿಲ್ಲಿಸಿದರೆ ಮಗುವಿನ ಜೀವಕ್ಕೇ ಅಪಾಯ. ನಮ್ಮ ಪತ್ರಿಕೆ ಪೆರ್ಲ, ಮುಳ್ಳೇರಿಯ, ಅಡೂರಿನ ಮನೆಗಳಿಗೆ ಹೋಗುತ್ತದೆ. ಅಲ್ಲೆಲ್ಲೋ ಇಂಥದ್ದೇ ಮಗುವಿನ ತಾಯಿ ಇದನ್ನು ಓದಿ, ‘ಐದು ವರ್ಷ ಆಯಿತಲ್ಲ, ಇನ್ನು ಸಾಕು’ ಎಂದುಕೊಂಡರೆ? ಸುಖಾಂತ್ಯ ಬೇಕು ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಮಾತ್ರೆ ತಿಂದುಕೊಂಡೇ ಶಾಲೆಗೆ ಹೋಗಿ, ಮಳೆಯಲ್ಲಿ ನೆನೆದು, ಜಗಳವಾಡಿ ಬೆಳೆಯುವ ಮಗುವೂ ಸುಖಾಂತ್ಯವೇ ಅಲ್ವಾ?

ಎರಡನೆಯದು ಗೇರುತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ, ಎಂಡೋಸಲ್ಫಾನ್. ನಮ್ಮ ಜಿಲ್ಲೆಯಲ್ಲಿ ಆ ಹೆಸರು ಕೇಳಿದರೆ ಎಲ್ಲರ ಹೊಟ್ಟೆಯೂ ಉರಿಯುತ್ತದೆ. ಎಣ್ಮಕಜೆಯ ಮನೆಗಳನ್ನು ಕಂಡವರು ಅದನ್ನು ಮರೆಯಲಾರರು. ಆದರೆ ನೀವು ಬರೆದ ಕಾಯಿಲೆ ವಂಶವಾಹಿಯಿಂದ ಬರುವುದು. ತಾಯಿ ತಂದೆ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಸದ್ದಿಲ್ಲದೆ ಕೂತಿರುತ್ತದೆ. ಅವರಿಗೆ ಏನೂ ತೊಂದರೆ ಇರುವುದಿಲ್ಲ. ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕಡೆಯ ಕೆಟ್ಟ ಜೀನ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ನೋವಿನ ಹೆಸರನ್ನು ಇನ್ನೊಂದಕ್ಕೆ ಅಂಟಿಸಿದರೆ ಎರಡಕ್ಕೂ ಅನ್ಯಾಯ. ತಂದೆಯ ಸಿಟ್ಟನ್ನು ಬೇಕಾದರೆ ಇಟ್ಟುಕೊಳ್ಳಿ. ಕಾರಣ ಹುಡುಕುವುದು ಮನುಷ್ಯ ಸಹಜ. ಡಾಕ್ಟರ್ ತಲೆಯಾಡಿಸಿ ಇಲ್ಲ ಎನ್ನಲಿ. ಆಮೇಲೆ ಗಂಡ ಹೆಂಡತಿ ಕಾರಿನಲ್ಲಿ ಕುಂಬಳೆಯವರೆಗೆ ಮಾತಿಲ್ಲದೆ ಬರಲಿ. ಅಲ್ಲಿ ಕಥೆ ಇದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಎರಡನೇ ಪುಟದ ಕೊನೆಗೆ ಒಂದೇ ಒಂದು ಸಾಲು ಬರೆದಿದ್ದೀರಿ: ‘ಅಜ್ಜಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು.’ ಅಷ್ಟು ಬರೆದು ಮುಂದೆ ಓಡಿದ್ದೀರಿ. ಒಮ್ಮೆ ನಿಂತು ನೋಡಿ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಎರಡು ಮುಖ್ಯ ಹಾರ್ಮೋನು ಮಾಡಬೇಕು, ಕಾರ್ಟಿಸೋಲ್ ಮತ್ತು ಆಲ್ಡೋಸ್ಟಿರೋನ್. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಅವನ್ನು ಮಾಡಲು ಬೇಕಾದ 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಕೆಲಸ ಮಾಡುವುದಿಲ್ಲ. ಆಲ್ಡೋಸ್ಟಿರೋನ್ ಇಲ್ಲದಿದ್ದರೆ ದೇಹಕ್ಕೆ ಉಪ್ಪನ್ನು ಹಿಡಿದಿಡಲು ಆಗುವುದಿಲ್ಲ. ಅದು ಮೂತ್ರದಲ್ಲಿ ಹರಿದು ಹೋಗುತ್ತದೆ. ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಮಗು ಕಾರುತ್ತಾ ಕಾರುತ್ತಾ ಬತ್ತುತ್ತದೆ. ಇದು ಜಾಸ್ತಿ ಕಾಣಿಸುವುದು ಹುಟ್ಟಿದ ಎರಡನೇ ಮೂರನೇ ವಾರದಲ್ಲಿ. ನಮ್ಮಲ್ಲಿ ತೊಟ್ಟಿಲು ಹಾಕುವ ದಿನಗಳೂ ಅವೇ. ಒಳಗೆ ಮಗುವಿನ ಮೈಯಿಂದ ಉಪ್ಪು ಸೋರಿ ಹೋಗುತ್ತಿದೆ. ಹೊರಗೆ ಅಜ್ಜಿ ಉಪ್ಪನ್ನೇ ಕೈಯಲ್ಲಿ ಹಿಡಿದು ಮಗುವಿನ ಸುತ್ತ ಸುತ್ತುತ್ತಿದ್ದಾಳೆ. ಆಮೇಲೆ ಆಸ್ಪತ್ರೆಯಲ್ಲಿ ಮಗುವಿಗೆ ಮದ್ದಾಗಿ ಕೊಡುವುದೂ ಉಪ್ಪೇ. ಎದೆಹಾಲಿನಲ್ಲಿರುವ ಉಪ್ಪು ಈ ಮಕ್ಕಳಿಗೆ ಸಾಲದು. ಹಾಗಾಗಿ ದಿನಕ್ಕೆ ಒಂದೆರಡು ಗ್ರಾಂ ಅಡಿಗೆ ಉಪ್ಪನ್ನು ಅಳೆದು ಹಾಲಿಗೆ ಸೇರಿಸಿ ಕೊಡುತ್ತಾರೆ. ನಿಮ್ಮ ಕೈಯಲ್ಲಿ ಇಷ್ಟು ಇತ್ತು. ನೀವು ‘ವಿಧಿ’ ಎಂದು ಹೆಸರಿಟ್ಟಿರಿ.

ಆ ಅಜ್ಜಿಯನ್ನು ಮೂಢಳ ಹಾಗೆ ಚಿತ್ರಿಸಿದ್ದು ನನಗೆ ಬೇಸರ ತಂದಿತು. 1950ರಲ್ಲಿ ಬಾಲ್ಟಿಮೋರಿನ ಲಾಸನ್ ವಿಲ್ಕಿನ್ಸ್ ಎಂಬ ಮಕ್ಕಳ ಡಾಕ್ಟರ್ ಕಾರ್ಟಿಸೋನ್ ಕೊಟ್ಟು ನೋಡುವ ತನಕ ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಯಲ್ಲೂ ಈ ಕಾಯಿಲೆಗೆ ಸರಿಯಾದ ಮದ್ದು ಇರಲಿಲ್ಲ. ನಿಮ್ಮ ಅಜ್ಜಿಗೆ ಅವಳ ಅಮ್ಮ ಕಲಿಸಿದ್ದು ಒಂದು ಹಿಡಿ ಉಪ್ಪು ಮಾತ್ರ. ನನ್ನ ಅಜ್ಜಿಯೂ ಹಾಗೆ ಸುತ್ತುತ್ತಿದ್ದಳು. ಅವಳ ಕೈ ನಡುಗುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ. ಆ ನಡುಕವನ್ನು ಬರೆಯಿರಿ. ಇನ್ನೊಂದು, ಆಕೆಯ ಮಾತು ಟೀವಿ ಧಾರಾವಾಹಿಯದ್ದಾಗಿದೆ. ‘ಅಯ್ಯೋ, ನನ್ನ ಮೊಮ್ಮಗಳಿಗೆ ಇದೇನಾಯ್ತು ದೇವರೇ’ ಎಂದು ನಮ್ಮ ಅಜ್ಜಿಯಂದಿರು ಹೇಳುವುದಿಲ್ಲ. ‘ಎಂತ ಮಾರಾಯ್ತಿ, ಮಗು ಕಣ್ಣೇ ಬಿಡುವುದಿಲ್ಲವಲ್ಲ’ ಎನ್ನುತ್ತಾರೆ.

ಒಂದು ಸೂಕ್ಷ್ಮ ವಿಷಯ. ಮಗು ಹೆಣ್ಣು ಎಂದಿದ್ದೀರಿ, ಹೆರಿಗೆ ಕೋಣೆಯಲ್ಲಿ ಯಾರಿಗೂ ಏನೂ ಅನುಮಾನ ಬರಲಿಲ್ಲ ಎಂದಿದ್ದೀರಿ. ಇದು ಹೊಂದುವುದಿಲ್ಲ. ಕಾರ್ಟಿಸೋಲ್ ಆಗಬೇಕಾದ ಕಚ್ಚಾವಸ್ತು ಗಂಡು ಹಾರ್ಮೋನಿನ ಕಡೆ ತಿರುಗುವುದರಿಂದ, ಈ ಬಗೆಯಲ್ಲಿ ಹೆಣ್ಣುಮಗುವಿನ ಜನನಾಂಗ ಹುಟ್ಟುವಾಗಲೇ ಬೇರೆ ರೀತಿ ಕಾಣುತ್ತದೆ. ಒಳಗೆ ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿರುತ್ತವೆ. ‘ಹೆಣ್ಣೋ ಗಂಡೋ’ ಎಂದು ದಾದಿ ಒಂದು ಕ್ಷಣ ತಡೆಯುತ್ತಾಳೆ. ಅದನ್ನು ಬರೆಯಲು ನಿಮಗೆ ಸಂಕೋಚ ಇರಬಹುದು. ಇದು ನಿಮ್ಮ ಅಕ್ಕನ ಮಗಳ ಕಥೆ ಎಂದು ಪತ್ರದಲ್ಲಿ ಹೇಳಿದ್ದೀರಿ. ಹಾಗಾದರೆ ಬರೆಯಲೇಬೇಡಿ. ಆ ಹುಡುಗಿ ನಾಳೆ ದೊಡ್ಡವಳಾಗಿ ಇದನ್ನು ಓದುತ್ತಾಳೆ, ಅವಳ ಕ್ಲಾಸಿನವರೂ ಓದುತ್ತಾರೆ. ಕಥೆಯ ಮಗುವನ್ನು ಗಂಡು ಮಾಡಿ. ಗಂಡುಮಗು ಹುಟ್ಟುವಾಗ ಸಾಮಾನ್ಯವಾಗಿಯೇ ಕಾಣುತ್ತದೆ, ಅದಕ್ಕೇ ಗೊತ್ತಾಗದೆ ಹೋಗುವುದು. ಅವಳ ಗುಟ್ಟೂ ಉಳಿಯುತ್ತದೆ, ಕಥೆಯೂ ನಿಜವಾಗುತ್ತದೆ.

ಹೆರಿಗೆ ಆದ ಜಾಗದ ಬಗ್ಗೆಯೂ ಒಂದು ಮಾತು ಸೇರಿಸಿ. ಕೇರಳದ ಸರ್ಕಾರಿ ಆಸ್ಪತ್ರೆಯಲ್ಲಿ ಆಗಿದ್ದರೆ ‘ಶಲಭಂ’ ಯೋಜನೆ ಇದೆ. ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಈ ಕಾಯಿಲೆಯನ್ನೂ ಹುಟ್ಟು ಥೈರಾಯ್ಡ್ ಕೊರತೆಯನ್ನೂ ನೋಡುತ್ತಾರೆ. ನಿಮ್ಮ ಕಥೆಯಲ್ಲಿ ಹೆರಿಗೆ ಗಡಿಯಾಚೆಯ ಸಣ್ಣ ನರ್ಸಿಂಗ್ ಹೋಮಿನಲ್ಲಿ. ಅಲ್ಲಿ ಆ ಹನಿ ರಕ್ತ ಯಾರೂ ತೆಗೆಯಲಿಲ್ಲ ಎಂದು ಒಂದು ವಾಕ್ಯ ಸಾಕು. ಹಿಮ್ಮಡಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಕ್ರಮವನ್ನು 1960ರ ಸುಮಾರಿಗೆ ತಂದ ರಾಬರ್ಟ್ ಗತ್ರಿಯವರಿಗೂ ಬಂಧುವಿನ ಮಗಳೊಬ್ಬಳ ಕಾಯಿಲೆ ಮನಸ್ಸಿಗೆ ತಾಗಿತ್ತು. ನೀವೂ ಚಿಕ್ಕಮ್ಮನಾಗಿಯೇ ಪೆನ್ನು ಹಿಡಿದವರು ಎಂದು ನೆನಪಾಗಿ ಹೇಳಿದೆ.

ಡಾಕ್ಟರರ ಎರಡು ಪುಟದ ಭಾಷಣ ಪೂರ್ತಿ ತೆಗೆಯಿರಿ. ‘ಬರಸಿಡಿಲು ಬಡಿದಂತಾಯಿತು’ ನಾಲ್ಕು ಸಲ ಬಂದಿದೆ, ನಾಲ್ಕನ್ನೂ ತೆಗೆಯಿರಿ.

ಆ ಜಾಗದಲ್ಲಿ ಏನು ಬರಬೇಕು? ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲಿನ ಬದುಕು. ನೀವು ಅದನ್ನು ‘ಐದು ವರ್ಷ ಉರುಳಿದವು’ ಎಂದು ಮುಗಿಸಿದ್ದೀರಿ. ಕಾರ್ಟಿಸೋಲಿನ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಬೇಗ ಕರಗಿ ಹೋಗುವ ಮದ್ದು, ಅದಕ್ಕೇ ದಿನಕ್ಕೆ ಮೂರು ಹೊತ್ತು. 10 ಮಿಲಿಗ್ರಾಂ ಮಾತ್ರೆಯನ್ನು ನಾಲ್ಕು ತುಂಡು ಮಾಡಿ, ಪುಡಿ ಮಾಡಿ ಕೊಡುವ ಮನೆಗಳಿವೆ. ಜೊತೆಗೆ ಉಪ್ಪು ಹಿಡಿದಿಡಲು ಫ್ಲೂಡ್ರೋಕಾರ್ಟಿಸೋನ್. ಹೈಡ್ರೋಕಾರ್ಟಿಸೋನ್ ಜಾಸ್ತಿಯಾದರೆ ಮಗು ಎತ್ತರ ಬೆಳೆಯುವುದಿಲ್ಲ, ಊದಿಕೊಳ್ಳುತ್ತದೆ. ಕಮ್ಮಿಯಾದರೆ ಬೇಗ ಮೈನೆರೆದು, ಎಲುಬು ಬೇಗ ಬಲಿತು, ಕೊನೆಗೆ ಗಿಡ್ಡವೇ ಉಳಿಯುತ್ತದೆ. ಜ್ವರ ಬಂದರೆ ಡಾಕ್ಟರ್ ಬರೆದುಕೊಟ್ಟ ಲೆಕ್ಕದಂತೆ ಮಾತ್ರೆ ಎರಡು ಮೂರು ಪಟ್ಟು ಆಗಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡ ಮಾಡದೆ ಇಂಜೆಕ್ಷನ್. ಮದುವೆ ಮನೆಗೆ ಹೋದರೂ ತಾಯಿಯ ಚೀಲದಲ್ಲಿ ಆ ಇಂಜೆಕ್ಷನ್ನಿನ ಸಣ್ಣ ಬಾಟಲಿ ಇರುತ್ತದೆ.

ಮಗು ಹುಟ್ಟಿದ್ದು 2018 ಎಂದಿದ್ದೀರಿ. ಹಾಗಾದರೆ ನಡುವೆ 2020ರ ಮಾರ್ಚ್ ಬಂತಲ್ಲ? ಕೋವಿಡ್ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿತ್ತು. ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ನಮ್ಮವರ ಆಸ್ಪತ್ರೆಯೂ ಔಷಧಿ ಅಂಗಡಿಯೂ ಮಂಗಳೂರಿನಲ್ಲಿ, ನಾವು ಈಚೆ. ಕಥೆಯಲ್ಲಿ ಒಂದಕ್ಷರ ಇಲ್ಲ. ನಿಮ್ಮ ಪತ್ರದಲ್ಲಿ ಮಾತ್ರ ಬರೆದಿದ್ದೀರಿ: ‘ಆಗ ಅಕ್ಕ ಪ್ರತಿ ರಾತ್ರಿ ಮಾತ್ರೆಯ ತುಂಡುಗಳನ್ನು ಎಣಿಸುತ್ತಿದ್ದಳು.’ ಇಡೀ ಕಥೆಗಿಂತ ಈ ವಾಕ್ಯ ನನ್ನನ್ನು ಹೆಚ್ಚು ಕಾಡಿತು. ಕಥೆ ಅಲ್ಲಿಂದಲೇ ಶುರುವಾಗಲಿ. ಎರಡು ವರ್ಷದ ಮಗು ಮಲಗಿದೆ, ಹೊರಗೆ ವಾಹನದ ಸದ್ದಿಲ್ಲ, ಸ್ಟೀಲ್ ತಟ್ಟೆಯಲ್ಲಿ ಬಿಳಿ ತುಂಡುಗಳು. ಅಜ್ಜಿಯ ಉಪ್ಪು ಆಮೇಲೆ ನೆನಪಾಗಿ ಬರಲಿ.

ಅಕ್ಕನ ಜೊತೆ ಒಂದು ಮಧ್ಯಾಹ್ನ ಕೂತುಕೊಳ್ಳಿ. ಮಾತ್ರೆಯನ್ನು ಯಾವುದರಿಂದ ತುಂಡು ಮಾಡುತ್ತಿದ್ದಳು, ಕಡೆಗೆ ಎಷ್ಟು ಉಳಿದಿತ್ತು, ಯಾರು ತಂದುಕೊಟ್ಟರು, ಎಲ್ಲ ಕೇಳಿ. ಬರೆದದ್ದನ್ನು ಮೊದಲು ಅವಳಿಗೆ ಓದಿ ಹೇಳಿ. ಅವಳು ಬೇಡ ಎಂದದ್ದನ್ನು ತೆಗೆದು ನನಗೆ ಕಳಿಸಿ. ಮಳೆಗಾಲದ ಸಂಚಿಕೆಯಲ್ಲಿ ಆರು ಪುಟ ಖಾಲಿ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ