ಗೋಕರ್ಣದ ಹಳೆ ಮನೆ: ಮುಂಗಡ ಕೊಡುವ ಮುಂಚೆ

ಹುಬ್ಬಳ್ಳಿ ಮನೆ ಮಾರಿ ಗೋಕರ್ಣದಲ್ಲಿ ಹಳೆ ಹಂಚಿನ ಮನೆ ಕೊಳ್ಳಬಹುದಾ ಅಂತ ಕೇಳಿದ್ದೀರಿ. ಕೊಳ್ಳಬಹುದು ಸರ್, ಆದರೆ ಹುಬ್ಬಳ್ಳಿಯದನ್ನು ಈಗಲೇ ಮಾರಬೇಡಿ. ಧಾರವಾಡದಿಂದ ಕುಮಟಾ ಕಡೆ ಒಂದು ಮನೆಗಾಗಿ ಓಡಾಡಿ ಸುಸ್ತಾದವನು ನಾನು. ರೇಟು ಕುದುರಿತ್ತು. ಕೊನೆಗೆ ಮುಂಬೈಯಲ್ಲಿದ್ದ ಮಾಲೀಕರ ಮಗಳು ಸಹಿ ಹಾಕಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ 2005ರಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಅಲ್ವಾ? ಹಾಗಾಗಿ ಮೊದಲು ವಂಶವೃಕ್ಷ ಕೇಳಿ, ದುಡ್ಡು ಆಮೇಲೆ.

ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ. ಹೊಸದಾಗಿ ಕಟ್ಟುವುದು ಸುಲಭವಲ್ಲ.

ಇನ್ನೊಂದು, ಮನೆ ನೋಡಲು ಡಿಸೆಂಬರ್‌ನಲ್ಲಿ ಹೋಗಬೇಡಿ. ಆಗ ಎಲ್ಲವೂ ಚಂದ ಕಾಣುತ್ತದೆ! ಜುಲೈ ಮಳೆಯಲ್ಲಿ ಅರಬೈಲು ಘಾಟಿ ಇಳಿದು ಹೋಗಿ. ಚಿರೆಕಲ್ಲಿನ ಗೋಡೆ ಎಷ್ಟು ನೀರು ಕುಡಿದಿದೆ, ಹಂಚು ಎಲ್ಲಿ ಸೋರುತ್ತದೆ ಎಲ್ಲಾ ಗೊತ್ತಾಗುತ್ತದೆ. ಜಂತೆಯನ್ನು ಒಮ್ಮೆ ತಟ್ಟಿ ನೋಡಿ, ಗೆದ್ದಲು ಹತ್ತಿರಬಹುದು.