ಜಲ ಸುರಂಗದಲ್ಲಿ ವಿಮಾನದ ಮಾದರಿ: ಸೊನ್ನೆ ನಿಲ್ಲದಿದ್ದರೆ?

ಪ್ರಶ್ನೆ: ಜಲ ಸುರಂಗದಲ್ಲಿ, ಅಂದರೆ ನೀರು ಹರಿಸಿ ಮಾದರಿಯನ್ನು ಪರೀಕ್ಷಿಸುವ ಕಾಲುವೆಯಲ್ಲಿ, ಬಣ್ಣ ಹರಿಸಿ ಮಾದರಿಯ ಮೇಲಿನ ಸುಳಿಗಳನ್ನು ನೋಡುತ್ತಾರೆ. ಅಲ್ಲೇ ಬಲಗಳನ್ನೂ ಅಳೆದರೆ ನಂಬಬಹುದೇ?

ಉತ್ತರ: ಅದು ಮಾದರಿಯ ಆಕಾರಕ್ಕೆ ಬಿಟ್ಟದ್ದು. ಸೆಕೆಂಡಿಗೆ 0.3 ಮೀಟರ್ ಹರಿವಿನಲ್ಲಿ 15 ಸೆಂ.ಮೀ. ಉದ್ದದ ರೆಕ್ಕೆಗೆ ಸಿಗುವ ರೆನಾಲ್ಡ್ಸ್ ಸಂಖ್ಯೆ (ಹರಿವಿನಲ್ಲಿ ಸ್ನಿಗ್ಧತೆಗೆ ಹೋಲಿಸಿದರೆ ವೇಗ, ಗಾತ್ರಗಳ ಪ್ರಭಾವ ಎಷ್ಟೆಂಬ ಅಳತೆ) ಸುಮಾರು 45,000. ನಿಜವಾದ ವಿಮಾನದಲ್ಲಿ ಅದು ಹತ್ತಾರು ಲಕ್ಷ. ಆದರೂ ಮುಂದಿನ ಅಂಚು ಚೂಪಾಗಿರುವ ಡೆಲ್ಟಾ (ತ್ರಿಕೋನಾಕಾರದ) ರೆಕ್ಕೆಯಲ್ಲಿ ಹರಿವು ಎಲ್ಲಿ ಕಳಚಿಕೊಳ್ಳಬೇಕೆಂದು ಆ ಅಂಚೇ ಗೊತ್ತುಮಾಡುವುದರಿಂದ, ಲಿಫ್ಟ್ (ಮೇಲೆತ್ತುವ ಬಲ) ಮತ್ತು ಸುಳಿ ಒಡೆಯುವ ಜಾಗ ಗಾಳಿ ಸುರಂಗದ ಅಂಕಿಗಳಿಗೆ ಹತ್ತಿರವೇ ಬರುತ್ತವೆ. ಅಂಚು ದುಂಡಗಿರುವ ರೆಕ್ಕೆಯಲ್ಲಿ ಈ ಆಸರೆ ಇಲ್ಲ. ಮೇಲ್ಮೈಗೆ ಅಂಟಿದ ಲ್ಯಾಮಿನಾರ್ (ಕಲಕಿಲ್ಲದ) ಪದರ ಬೇಗ ಬಿಟ್ಟುಕೊಂಡು ಸ್ಟಾಲ್ (ಲಿಫ್ಟ್ ಕುಸಿಯುವುದು) ಮೊದಲೇ ಬಂದುಬಿಡುತ್ತದೆ. ನೇರ ಹಾರಾಟದ ಡ್ರ್ಯಾಗ್ (ಹಿಂದಕ್ಕೆಳೆಯುವ ಬಲ) ತಿಳಿಯಲು ನೀರಿಗಿಳಿಯುವುದಂತೂ ವ್ಯರ್ಥ.

ಪ್ರಶ್ನೆ: 0.02 ಚದರ ಮೀಟರ್ ಡೆಲ್ಟಾ ರೆಕ್ಕೆ, ಒಳಗೆ ಐದು ಘಟಕಗಳ ಸ್ಟ್ರೇನ್ ಗೇಜ್ ಬ್ಯಾಲೆನ್ಸ್ (ಲೋಹ ಬಾಗುವುದನ್ನು ಗೇಜ್‌ಗಳಿಂದ ಓದಿ ಬಲ ಅಳೆಯುವ ಸಾಧನ), ಹರಿವು ಸೆಕೆಂಡಿಗೆ 0.3 ಮೀಟರ್. ಲಿಫ್ಟ್ ಪರವಾಗಿಲ್ಲ; ಆದರೆ ರೆಕ್ಕೆ ಹರಿವಿಗೆ ಓರೆಯಾಗುವ ಸಣ್ಣ ಕೋನಗಳಲ್ಲಿ ಡ್ರ್ಯಾಗ್ ಒಮ್ಮೊಮ್ಮೆ ಋಣ ಸಂಖ್ಯೆಯಾಗಿ ಬರುತ್ತದೆ. ಏಕೆ?

ಉತ್ತರ: ಮೊದಲು ಬಲ ಎಷ್ಟಿದೆ ನೋಡಿ. ಈ ವೇಗದಲ್ಲಿ ಚಲನ ಒತ್ತಡ (ಹರಿವಿನ ವೇಗದಿಂದ ಬರುವ ಒತ್ತಡ) 45 ಪ್ಯಾಸ್ಕಲ್. ಇದನ್ನು ರೆಕ್ಕೆಯ ವಿಸ್ತೀರ್ಣದಿಂದಲೂ ಗುಣಾಂಕದಿಂದಲೂ ಗುಣಿಸಿದರೆ ಬಲ. ಲಿಫ್ಟ್ ಗುಣಾಂಕ 1 ಇದ್ದರೆ 0.9 ನ್ಯೂಟನ್, ಅಂದರೆ 92 ಗ್ರಾಂ ತೂಕದಷ್ಟು. ಡ್ರ್ಯಾಗ್ ಗುಣಾಂಕ 0.03 ಎಂದರೆ ಮೂರು ಗ್ರಾಂ ಕೂಡ ಇಲ್ಲ.

ಈಗ ನೀರೊಳಗೆ ಮಾದರಿಯ ತೂಕ 300 ಗ್ರಾಂ ಉಳಿದಿದೆ ಎನ್ನಿ. ಮಾದರಿ ಅರ್ಧ ಡಿಗ್ರಿ ವಾಲಿದರೆ ಆ ತೂಕದ 2.6 ಗ್ರಾಂ ಪಾಲು ಬ್ಯಾಲೆನ್ಸ್‌ನ ಉದ್ದಕ್ಕೆ ಜಾರುತ್ತದೆ. ನಿಮ್ಮ ಡ್ರ್ಯಾಗ್ ಇರುವುದೇ ಅಷ್ಟು! ಹಿಡಿಕೆಯ ಸಡಿಲ, ಲಿಫ್ಟ್ ಭಾರಕ್ಕೆ ಸ್ಟಿಂಗ್ (ಮಾದರಿಯನ್ನು ಹಿಂದಿನಿಂದ ಹಿಡಿದ ಕೋಲು) ಬಾಗುವುದು, ಕೋನ ಬದಲಿಸುವ ಗೇರಿನ ಆಟ: ಇವುಗಳಲ್ಲಿ ಯಾವುದೊಂದಾದರೂ ಸಾಕು. ಹಾಗಾಗಿ ಒಳಗೆ ನೀರು ಕುಡಿಯದ ಫೋಮ್ ತುಂಬಿ, ಮಾದರಿ ಮುಳುಗಿಯೂ ಮುಳುಗದಂತಿರುವಷ್ಟು ಹಗುರ ಮಾಡಿ. ಎಲೆಕ್ಟ್ರಾನಿಕ್ಸ್ ಬದಲಿಸುವ ಮುನ್ನ ಮಾಡಬೇಕಾದ ಕೆಲಸ ಇದೇ.

ಸೊನ್ನೆಯನ್ನು, ಅಂದರೆ ಹರಿವಿನಲ್ಲಿ ಬಂದ ಓದಿನಿಂದ ಕಳೆಯಬೇಕಾದ ನಿಶ್ಚಲ ಓದನ್ನು, ನೀರು ತುಂಬಿದ ಮೇಲೆಯೇ, ಪಂಪ್ ನಿಲ್ಲಿಸಿ, ಅಳೆಯಲಿರುವ ಪ್ರತಿ ಕೋನದಲ್ಲೂ ತೆಗೆಯಿರಿ. ಗಾಳಿಯಲ್ಲಿ ತೆಗೆದ ಓದು ತೇಲುವ ಬಲವನ್ನು ಕಾಣುವುದಿಲ್ಲ. ಕೋನಗಳನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಹತ್ತಿ ತಲುಪಿದರೆ ಗೇರಿನ ಆಟ ತೊಂದರೆ ಕೊಡದು. ಪಂಪ್ ನಿಂತ ಕೂಡಲೇ ನೀರು ಶಾಂತವಾಗುವುದಿಲ್ಲ, ಕೆಲವು ನಿಮಿಷ ಕಾಯಿರಿ.

ಗುಳ್ಳೆಗಳು ಎರಡನೆಯ ಶತ್ರು. ಒಂದು ಘನ ಸೆಂ.ಮೀ. ಗಾಳಿ ಒಂದು ಗ್ರಾಂ ಎತ್ತುತ್ತದೆ. ಅದು ಕದಲದೆ ಕುಳಿತರೆ ಸೊನ್ನೆಯ ಜೊತೆಗೇ ಕಳೆದುಹೋಗುವ ಲೆಕ್ಕ, ಆದರೆ ಹರಿವು ಶುರುವಾದಾಗ ಜಾರಿದರೆ ಪಿಚಿಂಗ್ ಮೊಮೆಂಟ್ (ಮೂತಿಯನ್ನು ಮೇಲೆ ಕೆಳಗೆ ತಿರುಗಿಸುವ ಬಲಪ್ರಭಾವ) ಕೆಡುತ್ತದೆ. ಮಾದರಿಯ ಮೇಲ್ಭಾಗದಲ್ಲಿ ಸಣ್ಣ ರಂಧ್ರ ಕೊರೆದು, ಮೂತಿ ಮೇಲೆ ಮಾಡಿ ನಿಧಾನವಾಗಿ ಮುಳುಗಿಸಿ. ಹೊಸದಾಗಿ ತುಂಬಿದ ನೀರನ್ನು ಒಂದು ದಿನ ಬಿಡಿ. ಹಾಗೆ ಬಿಡದಿದ್ದರೆ ಕರಗಿದ ಗಾಳಿ ರೆಕ್ಕೆಯ ಮೇಲೇ ಮುತ್ತುಗಟ್ಟುತ್ತದೆ. 3ಡಿ ಮುದ್ರಣದ ಮಾದರಿಯಾದರೆ ಎಪಾಕ್ಸಿ ಬಳಿಯದೆ ಇಳಿಸಬೇಡಿ, ನೀರು ಹೀರಿಕೊಂಡು ತೂಕ ಏರುತ್ತಲೇ ಇರುತ್ತದೆ.

ಇಷ್ಟಾದರೂ ಸೊನ್ನೆ ಒಂದೇ ಕಡೆಗೆ ಜಾರುತ್ತಿದ್ದರೆ ಗೇಜ್‌ಗೆ ತೇವ ತಗುಲಿದೆಯೇ ನೋಡಿ: ತಂತಿ ಮತ್ತು ಲೋಹದ ನಡುವಿನ ವಿದ್ಯುತ್ ನಿರೋಧ ಇಳಿದಿರುತ್ತದೆ. ಹೊದಿಕೆಗೆ ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ಗೇಜ್ ತಿನ್ನುತ್ತದೆ. ಕೇಬಲ್ ಬಿಗಿಯಾಗಿದ್ದರೂ ಬ್ಯಾಲೆನ್ಸ್ ಅದರ ಎಳೆತವನ್ನೇ ಅಳೆಯುತ್ತದೆ.

ಪ್ರಶ್ನೆ: ನೀರೊಳಗೆ ಉಕ್ಕಿನ ತೂಕ ತೂಗುಹಾಕಿ ಪರೀಕ್ಷಿಸಿದರೆ ಓದು ಶೇ. 13ರಷ್ಟು ಕಡಿಮೆ. ಬ್ಯಾಲೆನ್ಸ್ ಕೆಟ್ಟಿದೆಯೇ?

ಉತ್ತರ: ಇಲ್ಲ. ಮುಳುಗಿದ 100 ಗ್ರಾಂ ಉಕ್ಕು 87 ಗ್ರಾಂನಷ್ಟೇ ತೂಗುತ್ತದೆ. ದಾರವನ್ನು ರಾಟೆಯ ಮೇಲೆ ಹಾಯಿಸಿ, ತೂಕವನ್ನು ನೀರಿನ ಹೊರಗೆ ಇಳಿಬಿಡಿ.

ಪ್ರಶ್ನೆ: ಎಷ್ಟು ಹೊತ್ತು ಸರಾಸರಿ ತೆಗೆಯಬೇಕು?

ಉತ್ತರ: ನೀರು ನಿಮ್ಮ ರೆಕ್ಕೆಯ ಉದ್ದ ದಾಟಲು ಅರ್ಧ ಸೆಕೆಂಡ್ ಬೇಕು. ಒಂದು ನಿಮಿಷದಲ್ಲಿ ಅಂಥ 120 ದಾಟುಗಳು ಸಿಗುತ್ತವೆ, ಸಾಕು. ಜೊತೆಗೆ ಉಷ್ಣಾಂಶ ಬರೆದಿಡಿ: 20ರಿಂದ 30 ಡಿಗ್ರಿಗೆ ಹೋದರೆ ನೀರಿನ ಸ್ನಿಗ್ಧತೆ ಐದನೇ ಒಂದು ಪಾಲು ಇಳಿಯುತ್ತದೆ.