ಬಕಾಸುರನ ಪಾತ್ರ ಯಾರಿಗೆ?

ಓದುಗರ ಪತ್ರ: ನಾನು ಪ್ರೌಢಶಾಲೆ ಶಿಕ್ಷಕಿ. ಈ ಸಲ ಸ್ಕೂಲ್ ಡೇಗೆ ಊಟ ಮತ್ತು ಅತಿಯಾಗಿ ತಿನ್ನುವುದರ ಬಗ್ಗೆ ನೃತ್ಯನಾಟಕ ಮಾಡಿಸುತ್ತಿದ್ದೇವೆ. ಒಬ್ಬರನ್ನೂ ಬಿಡದೆ ಇಡೀ ತರಗತಿಯನ್ನು ಕುಣಿಸುವ ಆಸೆ. ವ್ಹೀಲ್‌ಚೇರ್‌ನಲ್ಲಿ ಬರುವ ಹುಡುಗಿ ಇದ್ದಾಳೆ, ಡೌನ್ ಸಿಂಡ್ರೋಮ್ ಇರುವ ಹುಡುಗ ಇದ್ದಾನೆ. ತುಂಬಾ ದಪ್ಪಗಿರುವ ಇನ್ನೊಬ್ಬ ಹುಡುಗನಿಗೆ ಬಕಾಸುರನ ಪಾತ್ರ ಕೊಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅವನೂ ನಗುನಗುತ್ತಾ ಒಪ್ಪಿದ್ದಾನೆ. ‘ಒಂದು ಹೊತ್ತು ಉಂಡವ ಯೋಗಿ’ ಗಾದೆಯನ್ನೇ ಹಾಡು ಮಾಡೋಣ ಅಂತಲೂ ಮಾತಿದೆ. ನನಗ್ಯಾಕೋ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?
– ಒಬ್ಬ ಶಿಕ್ಷಕಿ, ತಿಪಟೂರು

ಸಂಪಾದಕರ ಉತ್ತರ:

ಟೀಚರ್, ನಮಸ್ಕಾರ. ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ. ಆ ಪಾತ್ರ ಅವನಿಗೆ ಕೊಡಬೇಡಿ.

ನಗುನಗುತ್ತಾ ಒಪ್ಪಿದ ಅಂದಿದ್ದೀರಿ. ದಪ್ಪಗಿರುವ ಮಕ್ಕಳು ಈ ನಗುವನ್ನು ಬೇಗ ಕಲಿತುಬಿಡುತ್ತಾರೆ. ಬೇರೆಯವರು ನಗುವ ಮೊದಲು ತಾವೇ ನಕ್ಕರೆ ಪೆಟ್ಟು ಸ್ವಲ್ಪ ಕಮ್ಮಿ ಬೀಳುತ್ತದೆ, ಅಷ್ಟೇ. ಗಾದೆಯೂ ಬೇಡ. ಯೋಗಿ, ಭೋಗಿ, ರೋಗಿ ಮುಗಿದು ‘ನಾಲ್ಕು ಹೊತ್ತು ಉಂಡವನ ಹೊತ್ಕೊಂಡು ಹೋಗಿ’ ಅಂತ ಹಾಡು ಬಂದಾಗ ಸಭೆಯ ಕಣ್ಣೆಲ್ಲ ಯಾರ ಮೇಲೆ ಹೋಗುತ್ತದೆ ಹೇಳಿ?

ಬಕಾಸುರನ ಕಥೆಯನ್ನು ಇನ್ನೊಂದು ಸಲ ನೆನೆಸಿಕೊಳ್ಳಿ. ಏಕಚಕ್ರದ ಜನ ಒಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ಒಬ್ಬ ಮನುಷ್ಯನನ್ನು ಅವನಿಗೆ ಕಳಿಸಬೇಕಿತ್ತು. ಆದರೆ ಆ ಬಂಡಿಯ ಅನ್ನ ಉಂಡವನು ಭೀಮ. ಬಕ ಹಿಂದಿನಿಂದ ಬಂದು ಬೆನ್ನಿಗೆ ಗುದ್ದುತ್ತಿದ್ದರೂ ತಿರುಗಿ ನೋಡದೆ ಉಂಡ. ಅದೇ ಅನ್ನ, ಅಷ್ಟೇ ಅನ್ನ. ಒಬ್ಬ ರಾಕ್ಷಸ, ಇನ್ನೊಬ್ಬ ವೀರ! ಇನ್ನೂ ಒಂದು ಮಾತಿದೆ, ಅದು ನನಗೆ ಜಾಸ್ತಿ ಇಷ್ಟ. ಅದೇ ಊರಿನಲ್ಲಿ ಪಾಂಡವರು ಭಿಕ್ಷೆ ಎತ್ತಿ ತರುತ್ತಿದ್ದರು. ತಂದದ್ದರಲ್ಲಿ ಅರ್ಧ ಭೀಮನಿಗೆ. ಉಳಿದ ಅರ್ಧ ನಾಲ್ವರು ಮಕ್ಕಳಿಗೆ ಮತ್ತು ಕುಂತಿಗೆ. ಆ ಮನೆಯಲ್ಲಿ ಒಬ್ಬನ ಹಸಿವು ದೊಡ್ಡದು ಅಂತ ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ತಕ್ಕ ಪಾಲು ಇತ್ತು.

ಅತಿಯಾಗಿ ತಿನ್ನುವುದನ್ನು ದಪ್ಪ ಮೈಗೆ ಅಂಟಿಸಿಬಿಡುವುದೇ ನಮ್ಮ ತಪ್ಪು. ಅಪ್ಪ ತೀರಿಕೊಂಡ ವರ್ಷ ನಾನು ರಾತ್ರಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ದೀಪ ಹಾಕುತ್ತಿರಲಿಲ್ಲ. ಚಕ್ಕುಲಿ ಡಬ್ಬದ ಮುಚ್ಚಳವನ್ನು ಸದ್ದಾಗದ ಹಾಗೆ ಹೆಬ್ಬೆರಳಿನಿಂದ ಒಂದು ಬದಿ ಮೊದಲು ಎಬ್ಬಿಸಬೇಕು. ಕಚ್ಚಿದರೆ ಸದ್ದು, ಹಾಗಾಗಿ ಬಾಯಲ್ಲೇ ನೆನೆಸಿಕೊಂಡು ತಿನ್ನುತ್ತಿದ್ದೆ. ಹಸಿವಿರಲಿಲ್ಲ. ರುಚಿಯೂ ಗೊತ್ತಾಗುತ್ತಿರಲಿಲ್ಲ. ಆದರೂ ಕೈ ನಿಲ್ಲುತ್ತಿರಲಿಲ್ಲ. ಆಗ ನಾನು ಸಣಕಲ. ಹಾಗಾಗಿ ಯಾರೂ ನನ್ನನ್ನು ಬಕಾಸುರ ಅನ್ನಲಿಲ್ಲ.

ಹಸಿದಿದ್ದವರಿಗೂ ಹೀಗಾಗುತ್ತದೆ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರೆಲ್ಲ ತಾವಾಗಿಯೇ ಒಪ್ಪಿ ಬಂದವರು. ಕೆಲವರು ಅಡುಗೆ ಪುಸ್ತಕ ಹಿಡಿದು ಕೂರತೊಡಗಿದರು. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಕು ಅನ್ನಿಸುತ್ತಲೇ ಇರಲಿಲ್ಲ. ಕೈ ಮೀರಿ ತಿನ್ನುವುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಒಂದು ಪ್ರತ್ಯೇಕ ಕಾಯಿಲೆ ಅಂತಲೇ ಸೇರಿಸಿತು. ನಾಲಿಗೆ ಚಪಲ ಅಂತ ಬೈದುಬಿಟ್ಟರೆ ಮುಗಿಯುವ ವಿಷಯ ಅಲ್ಲ ಇದು.

ಎಲ್ಲರನ್ನೂ ಕುಣಿಸುವ ಮಾತಿಗೆ ಬರುತ್ತೇನೆ. ಲಂಡನ್ನಿನಲ್ಲಿ ಸೆಲೆಸ್ಟ್ ಡ್ಯಾಂಡೆಕರ್ ಎಂಬ ನರ್ತಕಿ ಇದ್ದರು. 1973ರಲ್ಲಿ ಪ್ರದರ್ಶನದ ನಡುವೆಯೇ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಆಮೇಲೆ ವ್ಹೀಲ್‌ಚೇರ್. 1991ರಲ್ಲಿ ಅವರು ಆಡಂ ಬೆಂಜಮಿನ್ ಜೊತೆ ಸೇರಿ ಕ್ಯಾಂಡೋಕೋ ತಂಡ ಕಟ್ಟಿದರು. ಅಂಗವಿಕಲರು, ಅಲ್ಲದವರು ಅಲ್ಲಿ ಒಟ್ಟಿಗೇ ಕುಣಿದರು. ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಸಿಡ್ನಿಯಲ್ಲಿ ನಡೆಯಿತು. 2015ರ ಸಿಡ್ನಿ ಉತ್ಸವದಲ್ಲಿ ಕೇಟ್ ಚಾಂಪಿಯನ್ ಅವರ ಫೋರ್ಸ್ ಮೆಜೂರ್ ತಂಡ ‘ನಥಿಂಗ್ ಟು ಲೂಸ್’ ಎಂಬ ನೃತ್ಯ ಮಾಡಿತು. ಕುಣಿದವರೆಲ್ಲ ದಪ್ಪ ಮೈಯವರು. ಅಲ್ಲಿ ಯಾರೂ ನಗಿಸಲು ಬಂದವರಲ್ಲ. ಆ ಮೈಯ ತೂಕ, ಅದರ ಅಲುಗಾಟ, ಅದೇ ನೃತ್ಯ.

ನೀವು ಮೊದಲ ದಿನ ಕಥೆ, ಹಾಡು ಎರಡನ್ನೂ ಬದಿಗಿಡಿ. ಪಂಕ್ತಿ ಊಟದ ಸಾಲು ಮಾಡಿ, ಖಾಲಿ ಎಲೆ ಹಾಕಿ. ವ್ಹೀಲ್‌ಚೇರ್ ಹುಡುಗಿ ಬಡಿಸಲಿ. ಕುರ್ಚಿಯನ್ನು ಯಾರೂ ತಳ್ಳಬೇಡಿ, ಎಲ್ಲಿ ನಿಲ್ಲಬೇಕು, ಎಲ್ಲಿ ಸರ್ರನೆ ಹೋಗಬೇಕು ಅಂತ ಅವಳೇ ತೀರ್ಮಾನ ಮಾಡಲಿ. ‘ಬೇಡ ಬೇಡ’ ಅಂತ ಎಲೆಯ ಮೇಲೆ ಬಾಗಿ ಎರಡೂ ಕೈ ಅಡ್ಡ ಹಿಡಿಯುತ್ತೇವಲ್ಲ, ಬೆರಳ ಸಂದಿಯಲ್ಲೇ ‘ಒಂದೇ ಒಂದು’ ಅಂತ ಹೋಳಿಗೆ ಬೀಳುತ್ತದಲ್ಲ, ಅದನ್ನು ಮಕ್ಕಳು ಮಾಡಲಿ. ನಮ್ಮ ಪ್ರೀತಿ, ನಮ್ಮ ಬಲವಂತ ಎರಡೂ ಅಲ್ಲೇ ಇದೆ. ಡೌನ್ ಸಿಂಡ್ರೋಮ್ ಇರುವ ಹುಡುಗನಿಗೆ ತಾಳ ಹಿಡಿ ಅಂತ ಒತ್ತಾಯ ಮಾಡಬೇಡಿ. ಅವನು ತುತ್ತು ಕಲಸುವ ವೇಗವನ್ನೇ ಇಡೀ ಸಾಲು ಹಿಡಿಯಲಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಕದ್ದು ತಿನ್ನುವ ಕೈಯನ್ನು ಮಾಡಿ ತೋರಿಸಲಿ. ನೀವೂ ತೋರಿಸಿ ಟೀಚರ್.

ನಿಜವಾದ ತಿಂಡಿಯನ್ನು ಮಾತ್ರ ವೇದಿಕೆಗೆ ತರಬೇಡಿ. ಪ್ರೇಡರ್-ವಿಲ್ಲಿ ಅಂತ ಹುಟ್ಟಿನಿಂದ ಬರುವ ಒಂದು ತೊಂದರೆ ಇದೆ. ಅಂಥ ಮಕ್ಕಳಿಗೆ ಹೊಟ್ಟೆ ತುಂಬಿತು ಅನ್ನುವುದೇ ಗೊತ್ತಾಗುವುದಿಲ್ಲ, ಮನೆಯಲ್ಲಿ ತಿನ್ನುವ ಸಾಮಾನಿಗೆ ಬೀಗ ಹಾಕಬೇಕಾಗುತ್ತದೆ. ನೋಡಲು ಬಂದವರಲ್ಲಿ ಅಂಥ ಮಗು ಇದ್ದರೂ ಇರಬಹುದು.

ಬಕಾಸುರ ಒಬ್ಬನೇ ಬೇಡ. ಇಡೀ ತರಗತಿ ಬಕಾಸುರನಾಗಲಿ, ಒಂದೇ ಬಂಡಿಗೆ ಅಷ್ಟೂ ಕೈ ಬೀಳಲಿ. ಇನ್ನು ಆ ಹುಡುಗ. ಅವನನ್ನು ಬೇರೆಯವರ ಎದುರಲ್ಲಿ ಅಲ್ಲ, ಒಬ್ಬನೇ ಇದ್ದಾಗ ಕರೆದು, ಏನಾಗಲು ಇಷ್ಟ ಅಂತ ಕೇಳಿ. ಅವನಿಗೇನೂ ಹೊಳೆಯದಿದ್ದರೆ ಕುಂತಿಯ ಪಾತ್ರ ಕೊಟ್ಟು ನೋಡಿ. ಯಕ್ಷಗಾನ ಕಂಡ ನಮಗೆ ಗಂಡು ಹುಡುಗ ಸೀರೆ ಉಡುವುದು ಹೊಸದಲ್ಲ. ಐದು ಮಕ್ಕಳ ಮುಂದೆ ಕೂತು, ಯಾರಿಗೆ ಎಷ್ಟು ಹಸಿವು ಅಂತ ಮುಖ ನೋಡಿ, ಪಾಲು ಮಾಡುವ ಕೈ ಅವನದಾಗಲಿ.

ಸ್ಕೂಲ್ ಡೇ ಯಾವತ್ತು ಅಂತ ತಿಳಿಸಿ. ನಾನು ಬರುತ್ತೇನೆ.